ಉಪ್ಪು ಎಂಬ ಒಂದೇ ಮಾತು

ಕೊಡ, ಇದು ಕೊಡವೇ, ಹಿತ್ತಾಳೆಯದು, ಕಂಠದ ಹತ್ತಿರ ಒಂದು ಸಣ್ಣ ನೆಗ್ಗು ಬರೆದಿದ್ದರೆ ನಮ್ಮ ಮನೆಯದೇ ಅನ್ನಬಹುದಿತ್ತು, ಈ ಹುಡುಗಿ ರಟ್ಟಿನ ಮೇಲಿನ ಚಿತ್ರವನ್ನು ನನ್ನ ಮುಖದ ಮುಂದೆ ಹಿಡಿದು ಕೂತಿದ್ದಾಳೆ, ಇದೇನ್ರಿ ಗೌರಾಬಾಯಿ, ಹೇಳ್ರಿ ನೋಡೂಣು ಅನ್ನುತ್ತಾಳೆ, ನನಗೆ ಅದರ ಭಾರ ಗೊತ್ತು, ತುಂಬಿದಾಗ ಸೊಂಟ ಎತ್ತ ವಾಲುತ್ತದೆಂಬುದು ಗೊತ್ತು, ಗೊಬ್ಬೂರಿನ ಬಾವಿಯ ಮೆಟ್ಟಿಲ ಮೇಲೆ ತುಳುಕಿದ ನೀರು ಬಿಸಿಲಿಗೆ ಆರುವಾಗ ಏಳುವ ವಾಸನೆ ಗೊತ್ತು, ಹೆಸರೂ ಗೊತ್ತು, ಇಲ್ಲೇ ಹಣೆಯ ಹಿಂದೆ ದೀಪದ ಹಾಗೆ ಉರಿಯುತ್ತಿದೆ, ಕೊಡ, ಕೊಡ — ಬಾಯಿ ತೆರೆದೆ. ಉಪ್ಪು, ಅಂದಿತು ಬಾಯಿ. ಆಕಳಿನ ಚಿತ್ರಕ್ಕೂ ಉಪ್ಪು, ಬಾಗಿಲ ಚಿತ್ರಕ್ಕೂ ಉಪ್ಪು. ಪಕ್ಕದಲ್ಲಿ ಕೂತ ಸೊಸೆ ಗುರಮ್ಮ ಸೆರಗಿನಿಂದ ನನ್ನ ಕಟಬಾಯಿ ಒರೆಸುತ್ತಾಳೆ, ಮನ್ಯಾಗೂ ಹಿಂಗ ಅದರಿ ಡಾಕ್ಟರಬಾಯಿ, ಏನ ಕೇಳಿದ್ರೂ ಉಪ್ಪು, ಮದಲ ನಾ ಡಬ್ಬಿ ತಂದು ತಂದು ಮುಂದ ಇಡ್ತಿದ್ದೆ, ಸಮುದ್ರಾನ ತಂದು ಅಂಗಳದಾಗ ಬಿಟ್ರೂ ಈಕಿಗಿ ಸಾಲೂದಿಲ್ಲ ಅಂತಾರ ನಮ್ಮ ಮಾವನವರು. ಮಾವನವರು ಅಂದರೆ ಅವರು, ಕಿಟಕಿಯ ಹತ್ತಿರ ರುಮಾಲು ಕೈಯಲ್ಲಿ ಹಿಡಿದು ನಿಂತ ನನ್ನ ಯಜಮಾನರು, ನಗಿಸಲಿಕ್ಕೆಂದೇ ಆ ಮಾತು ಆಡಿದ್ದರು, ಆಡಿದ ಮೇಲೆ ಕೊಟ್ಟಿಗೆಗೆ ಹೋಗಿ ಎತ್ತಿನ ಮೈ ತಿಕ್ಕುತ್ತ ಬಹಳ ಹೊತ್ತು ಅಲ್ಲೇ ನಿಂತಿದ್ದರು, ನಾನು ನೋಡಿದ್ದೆ.

ನೋಡುವುದು ಹೋಗಿಲ್ಲ, ಕೇಳುವುದು ಹೋಗಿಲ್ಲ. ದವಾಖಾನೆಯ ಶಿಬಿರಕ್ಕೆ ಬಿಟ್ಟುಕೊಟ್ಟ ಈ ಅಫಜಲಪುರದ ಸಾಲೆಯ ಕೋಣೆಯ ಸುಣ್ಣದ ವಾಸನೆ, ಹೊರಗೆ ಸರದಿಗೆ ಕೂತವರ ಕೆಮ್ಮು, ಜಂತಿಯ ಮೇಲೆ ಪಾರಿವಾಳದ ಗುಟುರು, ಎಲ್ಲವೂ ಒಳಗೆ ಬರುತ್ತವೆ, ಬಂದು ಕೂಡುತ್ತವೆ, ಹೊರಗೆ ಹೋಗುವ ಬಾಗಿಲಿಗೆ ಮಾತ್ರ ಅಗುಳಿ. ಅವತ್ತು ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದೆ, ಪುಂಡಿಪಲ್ಯ ಕುದಿಯುತ್ತಿತ್ತು, ಗುರಮ್ಮಾ ಉಪ್ಪು ಕೊಡು ಅಂತ ಬಾಯಿ ತೆರೆದವಳು ಉಪ್ಪು ಎಂಬಲ್ಲಿಗೆ ನಿಂತುಬಿಟ್ಟೆ, ಬಲಗೈ ಹಿಟ್ಟಿನಲ್ಲೇ ಮಲಗಿತು, ರೊಟ್ಟಿ ಅರ್ಧ ಚಂದ್ರನ ಹಾಗೆ ಹರಿಯಿತು, ಆಮೇಲೆ ಎಷ್ಟು ತಡಕಿದರೂ ನಾಲಗೆಗೆ ಸಿಗುವುದು ಆ ಒಂದೇ ಮಾತು — ಶಿವನೇ, ಇಷ್ಟು ವರ್ಷ ಕರೆದೊಡನೆ ಬರುತ್ತಿದ್ದವಲ್ಲ ಮಾತುಗಳು, ಬೈಯಲಿಕ್ಕೂ ಬರುತ್ತಿದ್ದವು, ತೊಟ್ಟಿಲು ತೂಗಲಿಕ್ಕೂ ಬರುತ್ತಿದ್ದವು, ಯಾರು ಅವನ್ನು ಎತ್ತಿ ಎತ್ತಿ ಕೊಡುತ್ತಿದ್ದರು ಅಂತ ಒಂದು ದಿನವೂ ತಿರುಗಿ ನೋಡಲಿಲ್ಲ. ಕಳೆದುಹೋದ ಮೇಲೆ ಹಾಗೆ ಎತ್ತಿಕೊಟ್ಟವರ ಕಡೆ ಕೈಮುಗಿಯಬೇಕೆನಿಸುತ್ತದೆ, ಮುಗಿಯಲು ಇನ್ನೊಂದು ಕೈ ಏಳುವುದಿಲ್ಲ.

ಈ ಕೊಡ ಬೇಡ ನನಗೆ, ಆಕಳು ಬೇಡ, ನನಗೆ ಬೇಕಾದದ್ದು ಒಂದೇ ಮಾತು, ಪೂಜೆ. ಕೊರಳಲ್ಲಿ ಲಿಂಗವಿದೆ, ಬಿಳಿ ಅರಿವೆಯಲ್ಲಿ ಗಂಟು ಹಾಕಿ ಕಟ್ಟಿದ್ದು ಎದೆಗೆ ಹತ್ತಿಕೊಂಡೇ ಇದೆ, ಆದರೆ ಗಂಟು ಬಿಚ್ಚಲು ಒಂದು ಕೈ ಸಾಲದು, ಬಿಚ್ಚಿ ಎಡ ಅಂಗೈಯಲ್ಲಿ ಇಡುವವರು ಬೇಕು. ಮೊದಮೊದಲು ಗುರಮ್ಮ ಇಡುತ್ತಿದ್ದಳು. ಒಂದು ಮುಂಜಾನೆ ಮೈ ವಾಲಿತು, ಲಿಂಗ ಮಡಿಲಿಗೆ ಜಾರಿತು, ಯಜಮಾನರ ಅಣ್ಣ, ಭಾವ ದೊಡ್ಡಪ್ಪನವರು ಪಡಸಾಲೆಯಿಂದ ಕಂಡರು, ತಮ್ಮನನ್ನು ಕರೆದು, ದೌಲ್ಯಾ, ಅರಿವು ಇಲ್ಲದವರ ಕೈಯಾಗ ಲಿಂಗ ಇಡಬಾರದಪಾ, ನೆಲಕ್ಕ ಬಿದ್ದೀತು, ಕೊರಳಾಗ ಇರಲಿ ಸಾಕು, ಆಕಿಗಿ ಈಗ ಏನ ತಿಳೀತದ ಅಂದರು, ಕೆಟ್ಟ ಮನಸ್ಸಿನಿಂದ ಅಲ್ಲ, ಭಕ್ತಿಯಿಂದಲೇ ಅಂದರು, ಅದಕ್ಕೇ ಯಾರೂ ಎದುರಾಡಲಿಲ್ಲ. ತಿಳಿಯುತ್ತದೆ ಭಾವಾ, ಎಲ್ಲ ತಿಳಿಯುತ್ತದೆ, ಒಳಗೆ ಮಂತ್ರ ತಪ್ಪದೆ ನಡೆಯುತ್ತಿದೆ — ಬಾಯಿ ಉಪ್ಪು ಅಂದಿತು. ಎಡಗೈಯಿಂದ ಕೊರಳು ತೋರಿಸಿದೆ, ಗುರಮ್ಮ ಎದಿ ನೋಯಾಕತ್ತದೇನ್ರಿ ಅತ್ತಿ ಅಂತ ಎಣ್ಣೆ ಕಾಸಿ ತಂದು ತಿಕ್ಕಿದಳು. ಅಂದಿನಿಂದ ಸ್ನಾನ, ವಿಭೂತಿ, ಊಟ, ನಡುವೆ ಪೂಜೆಯ ಜಾಗದಲ್ಲಿ ಒಂದು ತಗ್ಗು, ದಿನವೂ ಕಾಲು ಆ ತಗ್ಗಿಗೇ ಬೀಳುತ್ತದೆ.

ಈಗ ಹುಡುಗಿ, ನರ್ಮದಾ ಅಂತ ಹೆಸರು, ಆಳಂದದ ಕಡೆಯವಳಂತೆ, ಮೈಸೂರಿನಲ್ಲಿ ಕಲಿತು ಮಾತು ನಿಂತವರನ್ನು ಹುಡುಕಿಕೊಂಡು ಊರೂರು ತಿರುಗುತ್ತಾಳಂತೆ, ಚಿತ್ರಗಳನ್ನು ಕೆಳಗಿಟ್ಟು ಕಿಟಕಿಯ ಕಡೆ ಕೈ ಮಾಡುತ್ತಾಳೆ, ಇವರು ಯಾರ್ರಿ, ಇವರ ಹೆಸರು ಹೇಳ್ರಿ ಅನ್ನುತ್ತಾಳೆ. ನಾನು ತಲೆ ತಗ್ಗಿಸಿದೆ. ಉಪ್ಪು ಕೂಡ ಬರಲಿಲ್ಲ. ಆಕೆ ಏನೋ ಗೀಚಿಕೊಂಡಳು, ಗುರಮ್ಮ ಕಿಸಕ್ಕನೆ ನಕ್ಕಳು, ಗಂಡನ ಹೆಸರು ಹೆಂಗ ಹೇಳ್ಯಾರ್ರಿ, ಚಲೋ ಇದ್ದಾಗೂ ಹೇಳಿಲ್ಲ ಅವ್ರು. ನರ್ಮದಾ ಸೀಸಪೆನ್ಸಿಲು ಹಣೆಗೆ ಬಡಿದುಕೊಂಡಳು, ಅಯ್ಯ, ನನಗ ಏನಾಗ್ಯಾದ, ನಮ್ಮವ್ವನೂ ಸತ್ತರೂ ಹೇಳ್ತಿದ್ದಿಲ್ಲ, ಒಡಪಿನಾಗ, ಹಾಡಿನ ಸಾಲಿನಾಗ ಕಟ್ಟಿದ್ರ ಅಷ್ಟ ಹೇಳಾಕಿ, ಅಂದವಳು ನನ್ನ ಮುಖ ನೋಡಿದಳು, ಗುರಮ್ಮನ ಮುಖ ನೋಡಿದಳು, ನಿಮ್ಮತ್ತಿ ಒಡಪ ನಿಮಗ ಬರ್ತದೇನ್ರಿ, ಸುರು ಮಾಡ್ರಿ, ಧಾಟಿ ಬಿಡಬ್ಯಾಡ್ರಿ. ಗುರಮ್ಮ ನಾಚಿ, ಮಾವನ ಕಡೆ ಬೆನ್ನು ಮಾಡಿ, ಮೆಲ್ಲಗೆ ಎಳೆದಳು, ಬೆಳ್ಳಿ ಬಟ್ಟಲದಾಗ ಬೆಲ್ಲದ ಪಾಕ — ಮದುವೆಯಾಗಿ ಬಂದ ದಿನ ಹೊಸ್ತಿಲಲ್ಲಿ ಅತ್ತೆಯಂದಿರು ಅಡ್ಡ ನಿಂತಿದ್ದರು, ಹೆಸರು ಹೇಳಿದ್ರ ಒಳಗ, ಇಲ್ಲಾಂದ್ರ ತವರಿಗಿ, ನರೋಣಾಕ್ಕ ತಿರುಗಿ ನಡಿ ಅಂತ ಕಾಡಿದ್ದರು, ಕಾಲ ಬಳಿ ಅಕ್ಕಿ ತುಂಬಿದ ಸೇರು, ಬೆವರಿದ ಅಂಗೈ, ಬಾಸಿಂಗದ ಎಳೆ ಕಣ್ಣಿಗೆ ಅಡ್ಡ — ದೌಲತರಾಯರ ಹೆಸರು ಹೇಳಾಕ ಅಂಜಿಕಿ ಯಾಕ.

ಯಾರು ಅಂದದ್ದು? ಪಾರಿವಾಳ ಗುಟುರು ನಿಲ್ಲಿಸಿತು. ಗುರಮ್ಮನ ಬಾಯಿ ತೆರೆದೇ ಇದೆ, ಅಂದವಳು ಆಕೆಯಲ್ಲ. ನನ್ನ ಗಂಟಲಲ್ಲಿ ಇನ್ನೂ ನಡುಕವಿದೆ, ಅಂದರೆ ನಾನೇ, ಒಂದು ಸಾಲು ಇಡಿಯಾಗಿ, ಹೆಸರು ಸಮೇತ, ಎಡವದೆ. ಕಿಟಕಿಯ ಕಡೆಯಿಂದ ರುಮಾಲು ನೆಲಕ್ಕೆ ಬಿತ್ತು, ಅವರು ಎತ್ತಿಕೊಳ್ಳಲಿಲ್ಲ. ನರ್ಮದಾ ನನ್ನ ಮುಂದೆ ಇನ್ನೊಂದು ಚಿತ್ರ ಬಿಚ್ಚಿದಳು, ಮನುಷ್ಯರ ಮಿದುಳಂತೆ, ಗುಲಬರ್ಗಾ ಉರುಸಿನ ಜಾತ್ರೆಯಿಂದ ಯಜಮಾನರು ತರುತ್ತಿದ್ದ ಅಕ್ರೋಟಿನ ಹಾಗೆ ಎರಡು ಹೋಳು, ಸುರುಳಿ ಸುರುಳಿ, ಇಲ್ಲಿ ಎಡಗಡಿ ಮಾತಿನ ಜಾಗಾ, ಇಲ್ಲಿ ರಕ್ತ ನಿಂತಾದ್ರಿ, ಧಾಟಿ, ರಾಗ ಬಲಗಡಿ ಹೆಚ್ಚು ಇರ್ತಾವ ಅಂತಾರ, ಅದು ಉಳದಾದ, ರಾಗದ ಬೆನ್ನ ಹತ್ತಿ ಮಾತು ಬರ್ತಾವೇನು ಅಂತ ಪರದೇಶದಾಗ ನೋಡಾಕತ್ಯಾರ, ನಾನೂ ನೋಡಾಕತ್ತೇನಿ, ಪೂರಾ ಯಾರಿಗೂ ತಿಳಿದಿಲ್ಲ ಅನ್ನುತ್ತಾಳೆ. ಬಲಗೈ ಆಡಿಸುವುದು ಎಡಹೋಳಂತೆ, ಎಡಗೈ ಆಡಿಸುವುದು ಬಲಹೋಳಂತೆ, ಹೆರಳು ಹೆಣೆದ ಹಾಗೆ ಎಳೆಗಳನ್ನು ಅದಲುಬದಲು ಮಾಡಿ ಇಟ್ಟಿದ್ದಾನೆ, ಹೆಣೆದವನು ಯಾರಿಗೂ ಹೇಳಲಿಲ್ಲ. ಹಾಗಾದರೆ ಇಷ್ಟು ವರ್ಷ ಶಿವನನ್ನು ಕೂರಿಸಿಕೊಂಡ ಎಡಗೈ ಹಾಡುವ ಬಲಹೋಳಿಗೆ ಕಟ್ಟಿಕೊಂಡ ಕೈ. ನಾನು ಕಣ್ಣು ಮುಚ್ಚಿದೆ. ಇಷ್ಟು ದೊಡ್ಡ ಮನೆ ನನ್ನ ನೆತ್ತಿಯೊಳಗೆ, ನಾನು ಅಡುಗೆಮನೆ ಬಿಟ್ಟು ಬೇರೆ ಕೋಣೆ ಕಂಡೇ ಇರಲಿಲ್ಲ.

ಎಡಗೈಲೆ ಮೇಜು ಬಡೀರಿ, ತಾಳ ಹಾಕ್ರಿ, ಅನ್ನುತ್ತ ಆಕೆ ನನ್ನ ಕೈ ಎತ್ತಿದಳು, ನಾನು ಹಿಂದಕ್ಕೆ ಎಳೆದುಕೊಂಡೆ, ಈ ಕೈಯನ್ನು ಕಟ್ಟಿಗೆಗೆ ಬಡಿಯುವುದೇ? ಗುರಮ್ಮ ಪಿಸುಗುಟ್ಟಿದಳು, ಅದು ಲಿಂಗದ ಕೈ ಅದರಿ. ಹೌದಲ್ಲ, ತಪ್ಪಾತು, ಅಂದಳು ನರ್ಮದಾ, ಹಂಗಾದ್ರ ನಾ ಮುಟ್ತೇನಿ. ಅಂಗೈಯನ್ನು ಮೇಲ್ಮುಖವಾಗಿ ಬಿಡಿಸಿದಳು. ಆಕೆಯ ತೋರುಬೆರಳು ಏಳುತ್ತದೆ, ಅಂಗೈ ನಡುವೆ ಬೀಳುತ್ತದೆ, ಹೂವಿನ ಎಸಳಿನಷ್ಟು ಹಗುರ. ಒಡಪಿನ ಧಾಟಿಯಲ್ಲೇ ಎಳೆಯುತ್ತಾಳೆ, ನೀ-ರು ಬೇ-ಕು, ಬೆರಳು ಏಳುತ್ತದೆ, ಬೀಳುತ್ತದೆ, ನೀ-ರು ಬೇ-ಕು, ಬೇ, ಅಂದಿತು ಬಾಯಿ, ಬೇಕು ಅಂದಿತು, ಗುರಮ್ಮ ಅಳುತ್ತಾಳೆ, ಅಳಬ್ಯಾಡ ಬೇ ಹುಚ್ಚಿ, ಧಾಟಿ ಕೆಡ್ತದ ಅಂತ ಗದರುತ್ತಾರೆ ಅವರು, ಅವರ ಧ್ವನಿಯೇ ಕೆಟ್ಟಿದೆ. ಈಗ ಮುಂದಿಂದು ನೀವ ತುಂಬ್ರಿ, ನಿಮಗ ಏನ ಬೇಕು ಅದು, ಅಂತ ನರ್ಮದಾ ಬರೀ ಗುನುಗಿದಳು, ಹೂಂ-ಹೂಂ ಬೇ-ಕು, ಬೆರಳು ಏಳುತ್ತದೆ, ಬೀಳುತ್ತದೆ, ತುಟಿ ಉಪ್ಪಿಗೆ ಮುಚ್ಚಿಕೊಂಡಿತು, ಬೆರಳು ಕಾಯಲಿಲ್ಲ, ಏಳುತ್ತದೆ, ರಾಗ ತುಟಿಯ ಹಿಂದಿನಿಂದ ನೂಕುತ್ತದೆ, ಬೀಳುತ್ತದೆ, ಪೂ — ಬೆರಳು ಏಳುತ್ತದೆ — ಜಿ. ಪೂಜಿ. ಪೂ-ಜಿ ಬೇ-ಕು.

ಅವರು ನಡೆದು ಬರುತ್ತಿದ್ದಾರೆ, ಚಪ್ಪಲಿ ಬಿಟ್ಟು ಬರುತ್ತಿದ್ದಾರೆ, ಇದನ್ನ ಕೇಳಾಕತ್ತಿದ್ದಿಯೇನ ಗೌರಾ, ಇಷ್ಟು ದಿವಸ ಇದನ್ನ? ಅವರ ದಪ್ಪ ಬೆರಳುಗಳು ನನ್ನ ಕೊರಳ ಬಳಿ ಗಂಟು ತಡಕುತ್ತಿವೆ, ಹೊಗೆಸೊಪ್ಪಿನ ವಾಸನೆ, ದಾದಾಗ ನಾ ಹೇಳ್ತೇನಿ, ಅರಿವು ಅದ ಅಂತ ನಾ ಹೇಳ್ತೇನಿ ಅನ್ನುತ್ತಿದ್ದಾರೆ, ಹೇಳಲಿ, ಅಣ್ಣನಿಗೆ ಹೇಳಲಿ, ಆದರೆ ನನಗೆ ಕಾಣುವುದು ಇದೊಂದೇ, ನರ್ಮದಾ ಮರೆತಿದ್ದಾಳೆ, ಕಣ್ಣು ತುಂಬಿ ಮರೆತಿದ್ದಾಳೆ, ಮುಂದಿನ ತಾಳಕ್ಕೆ ಎತ್ತಿದ ಬೆರಳು ಲಿಂಗಕ್ಕೆ ಕಾದ ನನ್ನ ಅಂಗೈಯ ಮೇಲೆ, ಗಾಳಿಯಲ್ಲಿ, ಬೀಳದೆ, ಬೆರಳು, ಎತ್ತಿದ ಬೆರಳು —