ನದಿಯಲ್ಲಿ ಕೈಹಿಡಿದು ನಿಂತವರು

ಮನೆಯ ಮಾಡು ಇಷ್ಟು ಇಳಿಜಾರಾಗಿದೆ ಅಂದಮೇಲೆ ಅಲ್ಲಿ ಮಳೆ ಜಾಸ್ತಿ. ಮಳೆ ಜಾಸ್ತಿ ಅಂದಮೇಲೆ ಜನ ಮನೆಯೊಳಗೇ ಕೂರುತ್ತಾರೆ. ಕೂತವರು ಯೋಚನೆ ಮಾಡದೆ ಇನ್ನೇನು ಮಾಡಿಯಾರು? 'ಇಲ್ಲಿಯ ಜನ ಸ್ವಭಾವತಃ ಅಂತರ್ಮುಖಿಗಳು' ಎಂದು ಬರೆದು ಅವನು ಭೂತಗನ್ನಡಿಯನ್ನು ಕೆಳಗಿಟ್ಟ. ಫೋಟೋದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಬರೆಯಲು ಅದು ಇನ್ನೂ ಅನುಕೂಲ.

ಪ್ರವಾಸ ಪತ್ರಿಕೆಯ ಆ ಕಚೇರಿಯಲ್ಲಿ ಅವನ ಹೆಸರು ಭೂಪಟ. ಭೂಗೋಳದಲ್ಲಿ ಚಿನ್ನದ ಪದಕ ಪಡೆದವನು. ಊರೂರು ಸುತ್ತುವವರು ತೆಗೆದ ಫೋಟೋಗಳನ್ನು ಓದಿ, ಅಡಿಯಲ್ಲಿ ನಾಲ್ಕು ಸಾಲು ಬರೆಯುವುದು ಹತ್ತೊಂಬತ್ತು ವರ್ಷಗಳಿಂದ ಅವನ ಕೆಲಸ. ನೆರಳಿನ ಉದ್ದ ನೋಡಿ ಅಕ್ಷಾಂಶ ಹೇಳುತ್ತಿದ್ದ. ಗೋಡೆಯ ದಪ್ಪ ನೋಡಿ ಸೆಕೆ ಎಷ್ಟೆಂದು. ಹಗ್ಗದ ಮೇಲಿನ ಬಟ್ಟೆ ನೋಡಿ ಆ ಮನೆಯಲ್ಲಿ ಯಾರ ಮಾತು ನಡೆಯುತ್ತದೆಂದು.

ಹೋಗಿ ನೋಡಿದ ಊರು ಮಾತ್ರ ಒಂದೂ ಇಲ್ಲ. ಬಸ್ಸು ಹತ್ತಿ ಅರ್ಧ ಗಂಟೆಗೆ ಅವನಿಗೆ ವಾಂತಿಯಾಗುತ್ತಿತ್ತು. ಇದು ಗೊತ್ತಿದ್ದದ್ದು ಹೆಂಡತಿಗೆ ಮಾತ್ರ. ಹೋದವರು ಸೊಳ್ಳೆ ಕಾಟವನ್ನಷ್ಟೇ ನೆನಪಿಟ್ಟುಕೊಂಡು ಬರುತ್ತಾರೆ, ಊರು ಅರ್ಥವಾಗಬೇಕಾದರೆ ದೂರವಿರಬೇಕು ಎಂದು ಅವನು ಎರಡು ವಿಚಾರ ಸಂಕಿರಣಗಳಲ್ಲಿ ಹೇಳಿದ್ದ. ಚಪ್ಪಾಳೆ ಬಿದ್ದಿತ್ತು.

ಹನ್ನೊಂದು ಗಂಟೆಗೆ ಒಬ್ಬ ಅಪರಿಚಿತ ಬಂದು ಮೇಜಿನ ಮುಂದೆ ನಿಂತ. ನಲವತ್ತರ ಆಸುಪಾಸು, ಉಗುರ ಸಂದಿಯಲ್ಲಿ ಕಪ್ಪು. ತನ್ನದು ಪಂಕ್ಚರ್ ಅಂಗಡಿ, ಒಂದು ಹಗಲು ಒಂದು ರಾತ್ರಿ ಬಸ್ಸಿನಲ್ಲಿ ಕೂತು ಬಂದಿದ್ದೇನೆ ಎಂದ. ಪ್ಲಾಸ್ಟಿಕ್ ಚೀಲದಿಂದ, ನಾಲ್ಕಾಗಿ ಮಡಿಸಿದ ಹಾಳೆಯೊಂದನ್ನು ತೆಗೆದು ಬಿಡಿಸಿಟ್ಟ.

ಭೂಪಟನಿಗೆ ಖುಷಿಯಾಯಿತು. ಹೋದ ವರ್ಷದ ಅವನ ಹೆಸರಾಂತ ಪುಟ ಅದು. ಮುಸ್ಸಂಜೆಯ ನದಿ, ಸೊಂಟದವರೆಗಿನ ನೀರಿನಲ್ಲಿ ಸಾಲಾಗಿ ಕೈಹಿಡಿದು ನಿಂತ ಮೂವತ್ತು ಜನ, ದಡದಲ್ಲಿ ಎರಡೂ ಕೈ ಮೇಲೆತ್ತಿದ ಒಬ್ಬ ಹೆಂಗಸು. ಅಡಿಯಲ್ಲಿ ಅವನದೇ ಮಾತು: 'ಅನ್ನ ಕೊಟ್ಟ ನದಿಗೆ ಕೃತಜ್ಞತೆಯ ಹೆಜ್ಜೆ. ಕೈಗೆ ಕೈ ಬೆಸೆದ ಈ ಕುಣಿತದಲ್ಲಿ ಬಯಲುಸೀಮೆಯ ಜನರ ಸಮಷ್ಟಿಪ್ರಜ್ಞೆ ಎದ್ದು ಕಾಣುತ್ತದೆ. ದಡದ ಹೆಂಗಸಿನ ಹರ್ಷ ನೋಡಿ.'

"ಎಡಗಡೆಯಿಂದ ಮೂರನೆಯವನು ನಾನು, ಸಾರ್."

ಭೂಪಟ ಅವನನ್ನು ಕೂರಿಸಿದ. ಪೆನ್ನು ತೆಗೆದ. "ಎಷ್ಟು ತಲೆಮಾರಿಂದ ನಡೀತಿದೆ ಈ ಕುಣಿತ?"

"ಅವತ್ತೇ ಮೊದಲು. ನನ್ನ ತಮ್ಮ ಈಜಕ್ಕೆ ಇಳಿದವನು ಮೇಲೆ ಬರಲಿಲ್ಲ. ಸೆಳೆತ ಇತ್ತು, ಅದಕ್ಕೆ ಕೈ ಹಿಡ್ಕೊಂಡಿದ್ವಿ. ಹೆಜ್ಜೆ ಹಾಕ್ತಿರಲಿಲ್ಲ ಸಾರ್. ಕಾಲಲ್ಲಿ ತಡಕಾಡ್ತಿದ್ವಿ."

ಭೂಪಟ ಹಾಳೆಯತ್ತ ನೋಡಿದ. "ಈ ಹೆಂಗಸು?"

"ಅಮ್ಮ."

ಫೋಟೋ ತೆಗೆದವರು ಏನೂ ಬರೆದು ಕಳಿಸಿರಲಿಲ್ಲ ಎಂದು ಅವನು ತಡವರಿಸಿದ. ಅವರಿಗೆ ಬಸ್ಸಿಗೆ ಹೊತ್ತಾಗಿತ್ತು, ಹೊರಟುಹೋದರು ಎಂದು ಬಂದವನೇ ಸಮಾಧಾನ ಹೇಳಿದ. ಬೈಗುಳ ಬಂದರೆ ಕೊಡಲು ಭೂಪಟ ಒಂದು ಕ್ಷಮಾಪಣೆಯನ್ನು ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದ, ಒಳ್ಳೆಯ ವಾಕ್ಯಗಳೇ. ಅದನ್ನು ಯಾರೂ ಕೇಳಲಿಲ್ಲ. ಬಂದವನಿಗೆ ಬೇಕಾಗಿದ್ದದ್ದು ಫೋಟೋದ ದೊಡ್ಡ ಪ್ರತಿ. ಅಮ್ಮ ಗೋಡೆಗೆ ಹಾಕಬೇಕು ಅನ್ನುತ್ತಾಳಂತೆ.

"ಇದನ್ನೇ ಯಾಕೆ?"

"ಫೋಟೋ ತೆಗೆದವರು ಹೋಗಿ ಹತ್ತು ನಿಮಿಷಕ್ಕೆ ತಮ್ಮ ನನ್ನ ಕಾಲಿಗೇ ಸಿಕ್ಕಿದ. ಇದರಲ್ಲಿ ಇನ್ನೂ ಸಿಕ್ಕಿಲ್ಲ."

ಫ್ಯಾನು ತಿರುಗುತ್ತಿತ್ತು. ಹಾಳೆ ಹಾರದಂತೆ ಬಂದವನು ಅದರ ಮೇಲೆ ಅಂಗೈ ಇಟ್ಟು, ಉಳಿದದ್ದನ್ನೂ ಹೇಳಿದ. ಪತ್ರಿಕೆಯಲ್ಲಿ ಬಂದಮೇಲೆ ಊರಿಗೆ ಜನ ಬರತೊಡಗಿದರು. ಬಂದವರೆಲ್ಲ ಕುಣಿತ ಎಷ್ಟು ಗಂಟೆಗೆ ಎಂದು ಕೇಳುವವರೇ. ಇಲ್ಲ ಅಂದರೆ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದರು. ಲಾಡ್ಜಿನ ಯಜಮಾನರು ಊರವರನ್ನು ಕರೆದು ಮಾತಾಡಿದರು. ಈಗ ಪ್ರತಿ ಶನಿವಾರ ಸಂಜೆ ಮೂವತ್ತು ಜನ ನೀರಿಗಿಳಿಯುತ್ತಾರೆ. ಅಮ್ಮ ನದಿಯ ಕಡೆ ಸುಳಿಯುವುದಿಲ್ಲವಾದ್ದರಿಂದ ಅವಳ ಜಾಗದಲ್ಲಿ ಲಾಡ್ಜಿನ ಅಡುಗೆಯವಳು ಕೈ ಎತ್ತುತ್ತಾಳೆ.

"ನೀವೂ ನಿಲ್ತೀರಾ?"

"ಮೂರನೇ ಜಾಗ ನನ್ನದೇ ಅಲ್ವಾ."

"ಏನನ್ನಿಸುತ್ತೆ ಆಗ?"

"ನೀರು ತಣ್ಣಗಿರುತ್ತೆ," ಎಂದು ಬಂದವನು ಕಿಟಕಿಯತ್ತ ನೋಡಿದ.

ಭೂಪಟ ಎದ್ದು ಸಂಪಾದಕರ ಕೋಣೆಗೆ ಹೋದ. ತಪ್ಪು ಮಾಡಿದ ಅಳುಕಿನ ಅಡಿಯಲ್ಲೆಲ್ಲೋ ಒಂದು ಸಣ್ಣ ಹೆಮ್ಮೆ ಬಾಲ ಅಲ್ಲಾಡಿಸುತ್ತಿದ್ದುದು ಅವನಿಗೆ ಗೊತ್ತಾಗುತ್ತಲೇ ಇತ್ತು: ತಾನು ನಾಲ್ಕು ಸಾಲು ಬರೆದದ್ದಕ್ಕೆ ಒಂದು ಊರೇ ನೀರಿಗಿಳಿದಿದೆ.

ಸಂಪಾದಕರು ಮಾತ್ರೆ ನುಂಗುತ್ತ ಎಲ್ಲ ಕೇಳಿಸಿಕೊಂಡರು.

"ಈಗ ಕುಣೀತಾರೋ ಇಲ್ವೋ?"

"ಕುಣೀತಾರೆ. ಆದ್ರೆ..."

"ಮತ್ತೆ ತಪ್ಪೇನು ಬಂತು? ನಾವು ಸ್ವಲ್ಪ ಮುಂಚೆ ಬರೆದ್ವಿ, ಅಷ್ಟೆ."

ಮುಂದಿನ ಶನಿವಾರ ನೀನೇ ಹೋಗು, 'ಕಣ್ಣಾರೆ ಕಂಡೆ' ಅಂತ ಎರಡು ಪುಟ ಬರೆ, ಇಷ್ಟು ವರ್ಷ ಕೂತಲ್ಲೇ ಕೂತದ್ದು ಸಾಕು ಎಂದರು. ಪ್ರಯಾಣದ ಅರ್ಜಿಗೆ ಫೋಟೋ ಅಂಟಿಸಬೇಕು, ನಾಳೆಯೇ ಕೊಡು. ಭೂಪಟ ಆಗುವುದಿಲ್ಲ ಎನ್ನಲು ಬಾಯಿ ತೆರೆದ. ಬಾಯಿಂದ ಬಂದದ್ದು, ಫೋಟೋ ಬಣ್ಣದ್ದೋ ಕಪ್ಪುಬಿಳುಪೋ ಎಂಬ ಪ್ರಶ್ನೆ.

ಪುಟದ ದೊಡ್ಡ ಪ್ರತಿ ತಯಾರಾಯಿತು. ಬಂದವನು ಬೆಳಕಿಗೆ ಹಿಡಿದು ನೋಡಿ, ಕೆಳಗಿನ ಬರಹ ಬೇಡ, ಕತ್ತರಿಸಿ ಕೊಡಿ ಎಂದ. ಭೂಪಟ ಕತ್ತರಿ ತಂದು ತನ್ನ ಸಾಲುಗಳನ್ನು ತಾನೇ ಕತ್ತರಿಸಿದ. ಕತ್ತರಿ ನೇರವಾಗಿ ಹೋಗಲಿಲ್ಲ. ಫೋಟೋದಲ್ಲಿನ ನೀರು ಒಂದು ಕಡೆ ಸ್ವಲ್ಪ ತುಂಡಾಯಿತು. ಪರವಾಗಿಲ್ಲ ಎಂದು ಬಂದವನು ಸುರುಳಿ ಸುತ್ತಿಕೊಂಡು ಮೆಟ್ಟಿಲಿಳಿದ.

ಸಂಜೆ ಹೆಂಡತಿಗೆ ಫೋನ್ ಮಾಡಿದ. ಆಫೀಸಿನಿಂದ ಒಂದು ಊರಿಗೆ ಕಳಿಸುತ್ತಿದ್ದಾರೆ ಎಂದ.

"ಬಸ್ಸಲ್ಲಾ?"

"ಬಸ್ಸಲ್ಲೇ."

"ಕವರ್ ಇಟ್ಕೊಂಡ್ ಹೋಗಿ. ಏನಿದೆ ಆ ಊರಲ್ಲಿ?"

"ನದಿ," ಎಂದ ಅವನು. ಅವಳು ಬರುವಾಗ ಸೋಪಿನ ಪುಡಿ ತರಲು ಹೇಳಿ ಫೋನಿಟ್ಟಳು.

ಬೀದಿಯ ತುದಿಯ ಸ್ಟುಡಿಯೋದಲ್ಲಿ ಬಣ್ಣದ ಪರದೆಗಳಿದ್ದವು: ಹಿಮದ ಬೆಟ್ಟ, ಸರೋವರ, ಯಾವುದೋ ಗೋಪುರ. ಸ್ಟುಡಿಯೋದವನು ಹಗ್ಗ ಜಗ್ಗಿ ಒಂದೊಂದನ್ನೇ ಮೇಲೆ ಸುತ್ತಿದ. ಕೊನೆಗೆ ಉಳಿದದ್ದು ಬರೀ ಬಿಳಿ ಗೋಡೆ. ಅರ್ಜಿ ಫೋಟೋ ಅಂದರೆ ಹಿಂದೆ ಏನೂ ಕಾಣಬಾರದು ಎಂದ. ನಗಬಾರದು ಎಂದೂ ಹೇಳಿದ. ಭೂಪಟ ನಗುತ್ತಿರಲಿಲ್ಲ.

ಸ್ವಲ್ಪ ಹೊತ್ತಿಗೆ ಇನ್ನೂ ಬೆಚ್ಚಗಿದ್ದ ಹಾಳೆ ಕೈಗೆ ಬಂತು. ಅಭ್ಯಾಸಬಲದಿಂದ ಅವನು ಓದಲು ಹೊರಟ. ನೆರಳಿಲ್ಲ, ಅಕ್ಷಾಂಶ ಹೇಳುವಂತಿಲ್ಲ. ಮನೆಯ ಮಾಡು ಇಲ್ಲ, ಮಳೆ ಗೊತ್ತಾಗುವುದಿಲ್ಲ. ಅಂಗಿಯ ಕಾಲರು ಯಾವ ದೇಶದ್ದೂ ಆಗಬಹುದು.

"ನೋಡ್ಕೊಳ್ಳಿ, ಸರಿಯಾಗಿ ಬಂದಿದೆಯಲ್ಲಾ?" ಎಂದು ಸ್ಟುಡಿಯೋದವನು ಕೇಳಿದ.

ಹಾಳೆಯ ತುಂಬ ಎಂಟು ಜನ ಒತ್ತೊತ್ತಾಗಿ ಸಾಲು ನಿಂತಿದ್ದರು. ಎಲ್ಲರೂ ಅವನೇ. ಎದೆಯ ಕೆಳಗೆ ಕತ್ತರಿಸಿದ್ದರಿಂದ ಒಬ್ಬನಿಗೂ ಕೈಗಳಿರಲಿಲ್ಲ.