ಐದನೆಯ ಗಂಟು

ಅರವತ್ತನೆಯ ಪಸ್ಟೆಲ್ ಮಡಚುತ್ತಿದ್ದೆ. ಬಾಡಿಸಿದ ಬಾಳೆ ಎಲೆಗೆ ಎಣ್ಣೆ ಸವರಿ, ಮೆಕ್ಕೆಜೋಳದ ಕಣಕ ಒತ್ತಿ, ನಡುವೆ ಮಾಂಸದ ಹೂರಣವಿಟ್ಟು ಎಲೆಯನ್ನು ನಾಲ್ಕು ಕಡೆಯಿಂದಲೂ ಮಡಚಿಬಿಟ್ಟರೆ ಎಲ್ಲವೂ ಒಂದೇ ತರಹ ಕಾಣುತ್ತವೆ. ಗುರುತು ಹತ್ತುವುದು ದಾರದ ಗಂಟಿನಿಂದ. ಒಂಟಿ ಗಂಟಿನದು ನನ್ನ ಗಂಡ ಕ್ಲೀಟಸ್‌ಗೆ, ಅವನಿಗೆ ಖಾರ ಆಗದು. ಜೋಡಿ ಗಂಟಿನದು ಮಗ ಲೈನಸ್‌ಗೆ, ಅದರಲ್ಲಿ ಆಲಿವ್ ಕಾಯಿ ಇರಬಾರದು. ಕುಣಿಕೆ ಹಾಕಿದ್ದು ಗಂಡನ ಅಕ್ಕ ಅಗ್ನೀಟಾಗೆ, ಒಣದ್ರಾಕ್ಷಿ ಇಲ್ಲದ್ದು. ತುದಿ ಉದ್ದ ಬಿಟ್ಟವು, ಕ್ರಿಸ್‌ಮಸ್ ಹಾಡುಗಳನ್ನು ಹಾಡಿಕೊಂಡು ಮನೆಮನೆಗೆ ಬರುವ ಪರಾಂಗ್ ಮೇಳದವರಿಗೆ. ಅವರು ಏನು ಹಾಕಿದ್ದರೂ ತಿನ್ನುತ್ತಾರೆ.

ಎದುರಿಗೆ ದಾರ ಕತ್ತರಿಸುತ್ತ ಕುಳಿತಿದ್ದವಳು ಸೊಸೆ ಕೆರಿಸಾ. ಪೋರ್ಟ್ ಆಫ್ ಸ್ಪೇನ್‌ನಲ್ಲಿ ಬೆಳೆದ ಪೇಟೆ ಹುಡುಗಿ. ಪರಾಮಿನ್ ಬೆಟ್ಟದ ಮೇಲಿನ ನಮ್ಮೂರಲ್ಲಿ ಅವಳಿಗಿದು ಮೊದಲ ಕ್ರಿಸ್‌ಮಸ್.

"ಅತ್ತೆ, ನಿಮ್ಮದಕ್ಕೆ ಯಾವ ಗಂಟು?"

ನಾನು ಬಾಯಿ ತೆರೆಯುವ ಮೊದಲೇ, ಒಲೆಯ ಬಳಿ ನಿಂತಿದ್ದ ಅಗ್ನೀಟಾ ನಕ್ಕಳು. "ಅವಳಿಗ್ಯಾಕೆ ಗಂಟು? ಬೇಯೋವಾಗ ಬಿಚ್ಕೊಂಡಿದ್ದೆಲ್ಲ ಅವಳದೇ."

"ಹೂಂ ಕಣೇ, ಬಿಚ್ಕೊಂಡಿದ್ದೇ ಬಲು ರುಚಿ," ಎಂದೆ ನಾನೂ.

"ಅದಲ್ಲ ಅತ್ತೆ, ನಿಮಗೇನಿಷ್ಟ ಅಂತ ಕೇಳಿದ್ದು."

ಇಪ್ಪತ್ತೆಂಟು ವರ್ಷಗಳಲ್ಲಿ ಯಾರೂ ಕೇಳಿರಲಿಲ್ಲ. ನಾನೂ ಹೇಳಿರಲಿಲ್ಲ ಎಂದರೆ ತಪ್ಪಾದೀತು, ಮದುವೆಯಾದ ವರ್ಷ ಒಮ್ಮೆ ಹೇಳಿದ್ದೆ. ನಾನು ಹುಟ್ಟಿದ್ದು ಬೆಟ್ಟದಾಚೆ, ಕಡಲ ದಂಡೆಯಲ್ಲಿ. ನನ್ನಮ್ಮ ಉಪ್ಪುಮೀನಿನ ಹೂರಣ ಮಾಡುತ್ತಿದ್ದಳು, ಕಣ್ಣಲ್ಲಿ ನೀರು ಬರಿಸುವ ಹಳದಿ ಮೆಣಸಿನಕಾಯಿ ಹಾಕಿ. ಅಗ್ನೀಟಾ ಆಗ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. "ಪಸ್ಟೆಲ್‌ನೊಳಗೆ ಮೀನಾ? ನಮ್ಮಮ್ಮನ ಅಡಿಗೆಮನೇಲಿ?" ಅದರಲ್ಲಿ ಕೆಟ್ಟತನವೇನೂ ಇರಲಿಲ್ಲ, ನಾನೂ ನಕ್ಕಿದ್ದೆ. ಆದರೆ ಒಮ್ಮೆ ನಕ್ಕು ಹಾರಿಸಿದ್ದನ್ನು ಮತ್ತೆ ಕೇಳುವುದು ಕಷ್ಟ.

"ಯೂಲಿ!" ಹೊರಕೋಣೆಯಿಂದ ಕ್ಲೀಟಸ್ ನನ್ನನ್ನು ಕೂಗಿದ. ಕುರ್ಚಿ ಹತ್ತಿ ಕಿಟಕಿಗೆ ಹೂವಿನ ಹೊಸ ಪರದೆ ಹಾಕುತ್ತಿದ್ದ. "ಈ ಹೂವು ಮೇಲ್ಮುಖವೋ ಕೆಳಮುಖವೋ?"

"ನಿನ್ನ ತಲೆ ಯಾವ ಕಡೆ ಇದೆಯೋ ಆ ಕಡೆ!"

"ಹಾಗಾದ್ರೆ ಅನುಮಾನ," ಎಂದಳು ಅಗ್ನೀಟಾ. ಮೂವರೂ ನಕ್ಕೆವು. ಹಂದಿಮಾಂಸ ಲವಂಗದ ಜೊತೆ ಬೇಯುವ ವಾಸನೆ ಮನೆ ತುಂಬಿತ್ತು. ಇಂಥ ಮಧ್ಯಾಹ್ನದಲ್ಲಿ ನನಗೆ ಯಾವ ಕೊರತೆಯೂ ಇಲ್ಲ. ನಿಜವಾಗಿ ಇಲ್ಲ. ಆದರೂ ಆ ಹುಡುಗಿಯ ಪ್ರಶ್ನೆ ಅಲ್ಲೇ, ಮೇಜಿನ ಮೇಲೆ, ದಾರದ ತುಂಡುಗಳ ನಡುವೆ ಬಿದ್ದಿತ್ತು.

ಹೂರಣ ಮುಗಿಯಿತು. ನಾಲ್ಕು ಉಂಡೆ ಕಣಕ ಉಳಿಯಿತು.

"ಸಕ್ಕರೆ ಹಾಕಿ ಪಕ್ಕದ ಮನೆ ಮಕ್ಕಳಿಗೆ ಕಟ್ಟಿಬಿಡು," ಎಂದಳು ಅಗ್ನೀಟಾ. ಅಷ್ಟರಲ್ಲಿ ಕೆಳಗಿನ ತಿರುವಿನಲ್ಲಿ ತಂತಿವಾದ್ಯದ ಸದ್ದು ಕೇಳಿತು. "ಅಯ್ಯೋ, ಬಂದೇಬಿಟ್ರು! ನನ್ನ ಅವತಾರ ನೋಡು!" ಎಂದು ಬಟ್ಟೆ ಬದಲಿಸಲು ಓಡಿದಳು. ಕೆರಿಸಾ ಲೋಟ ಜೋಡಿಸಲು ಹೋದಳು. ಮೇಳದವರು ಅಂಗಳದಲ್ಲಿ ನಿಂತು ಮೊದಲ ಹಾಡು ಮುಗಿಸುವವರೆಗೆ ಬಾಗಿಲು ತೆಗೆಯುವಂತಿಲ್ಲ, ಅದು ಪದ್ಧತಿ. ಎಲ್ಲರೂ ಬಾಗಿಲ ಹಿಂದೆ ಸೇರಿದರು.

ಅಡಿಗೆಮನೆಯಲ್ಲಿ ನಾನೊಬ್ಬಳೇ. ನಾಳೆ ಬೆಳಗಿನ ತಿಂಡಿಗೆಂದು ಉಪ್ಪುಮೀನು ನೆನೆಸಿ, ಮುಳ್ಳು ಬಿಡಿಸಿ ಇಟ್ಟಿದ್ದೆ. ಒಂದು ಹಿಡಿ ತೆಗೆದುಕೊಂಡೆ. ಹಳದಿ ಮೆಣಸಿನಕಾಯಿ ಹೆಚ್ಚಿದೆ, ಬೀಜ ತೆಗೆಯದೆ. ನಾಲ್ಕು ಪಸ್ಟೆಲ್ ಆದವು. ಅಮ್ಮ ಕಟ್ಟುತ್ತಿದ್ದ ಹಾಗೆ ದಾರ ಎರಡು ಸುತ್ತು ಸುತ್ತಿ ತುದಿಯನ್ನು ಒಳಗೆ ಸಿಕ್ಕಿಸಿದೆ. ಬೆರಳುಗಳು ಅದನ್ನು ಮರೆತಿರಲಿಲ್ಲ. ಪಾತ್ರೆಯ ತಳದಲ್ಲಿ ಅವನ್ನಿಟ್ಟು, ಮೇಲೆ ಉಳಿದವನ್ನು ಜೋಡಿಸಿ ಮುಚ್ಚಳ ಹಾಕಿದೆ.

"ಅತ್ತೆ, ಬನ್ನಿ, ಬಾಗಿಲು ತೆಗೀತಾರೆ!" ಕೆರಿಸಾ ಇಣುಕಿದಳು. "ಉಳಿದ ಕಣಕ?"

"ಮುಗೀತು."

ಬಿಚ್ಚಿಕೊಂಡವನ್ನು ಈ ಸಲ ಬೇರೆ ಯಾರಾದರೂ ತಿನ್ನಲಿ. ಬರುವ ವರ್ಷ ಮೀನನ್ನು ಎರಡು ಹಿಡಿ ಹೆಚ್ಚಿಗೇ ನೆನೆಹಾಕುತ್ತೇನೆ. ಕೈ ಮೂಸಿ ನೋಡಿಕೊಂಡು, ತೊಳೆಯದೆ, ಹೋಗಿ ಅಗ್ನೀಟಾಳ ಪಕ್ಕದಲ್ಲಿ ನಿಂತೆ.