ತೇಲಿ ಬಂದ ಚೂರು

ಅತ್ತಿಗೆಯ ಎದೆಯ ಗಂಟಿನ ಸ್ಲೈಡನ್ನು ಮೈಕ್ರೊಸ್ಕೋಪಿನಡಿ ಇಟ್ಟಾಗ ಅಣ್ಣ ನನ್ನ ಬೆನ್ನ ಹಿಂದೆಯೇ ನಿಂತಿದ್ದ. ಹೊರಗೆ ಕೂರು ಎಂದರೆ ಕೇಳುವ ಆಸಾಮಿಯಲ್ಲ. ಈ ಆಸ್ಪತ್ರೆಯಲ್ಲಿ ಸ್ಲೈಡ್ ನೋಡುವವಳು ನಾನೊಬ್ಬಳೇ, ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ನಾನು ಕ್ಯಾನ್ಸರ್ ಅಂದರೆ ನಾಳೆಯೇ ಸ್ತನ ತೆಗೆಯಲು ಸರ್ಜನ್ ತಯಾರಾಗಿದ್ದರು.

"ಮದುವೆಗೆ ಮುಂಚೆ ನಾನೂ ಅವಳನ್ನ ಇಷ್ಟೊತ್ತು ನೋಡಿರ್ಲಿಲ್ಲ ಕಣೇ," ಎಂದ ಅಣ್ಣ.

"ಬಾಯ್ಮುಚ್ಕೊಂಡು ನಿಂತ್ಕೋ."

ಎಲ್ಲ ಕಡೆ ಸಾಧು ಜೀವಕೋಶಗಳೇ. ಹಾಲಿನ ನಾಳಗಳ ಒಳಪದರ ನೆಟ್ಟಗಿತ್ತು. ಮೂಲೆಗೆ ಬಂದಾಗ ಸ್ಲೈಡ್ ಸರಿಸುವುದನ್ನು ನಿಲ್ಲಿಸಿದೆ. ಉಬ್ಬಿದ ಕಡುನೀಲಿ ಕೋಶಕೇಂದ್ರಗಳ ಒಂದು ಗುಂಪು, ಕೋಶಗಳು ಒಂದರ ಮೇಲೊಂದು ಹತ್ತಿಕೊಂಡಿದ್ದವು. ಒಳಪದರದಲ್ಲಿ ಹುಟ್ಟಿ ಗಡಿ ಮೀರುವ ಕ್ಯಾನ್ಸರ್, ಅನುಮಾನವೇ ಇಲ್ಲ. ಅಣ್ಣನ ಕಡೆ ತಿರುಗಲು ಧೈರ್ಯ ಸಾಲಲಿಲ್ಲ.

ಫೋಕಸ್ ತಿರುವಿದೆ. ಸುತ್ತಲಿನದು ಸ್ಪಷ್ಟವಾದರೆ ಗುಂಪು ಮಸುಕು. ಗುಂಪು ಸ್ಪಷ್ಟವಾದರೆ ಸುತ್ತಲಿನದು ಮಸುಕು. ಅಂದರೆ ಅದು ಅತ್ತಿಗೆಯ ತುಂಡಿನ ಮೇಲೆ ಕೂತಿತ್ತು, ಒಳಗಿರಲಿಲ್ಲ. ಮೇಣದಲ್ಲಿ ಹೂತ ತುಂಡನ್ನು ತೆಳ್ಳಗೆ ಹೆರೆದು, ಬಿಸಿನೀರಿನ ತೊಟ್ಟಿಯಲ್ಲಿ ತೇಲಿಬಿಟ್ಟು ಗಾಜಿಗೆ ಎತ್ತಿಕೊಳ್ಳುತ್ತಾರೆ. ನಡುವೆ ತೊಟ್ಟಿ ಒರೆಸದಿದ್ದರೆ ಹಿಂದಿನ ರೋಗಿಯ ಚೂರು ಮುಂದಿನವರ ಗಾಜಿಗೆ ಅಂಟುತ್ತದೆ.

ಟೆಕ್ನಿಷಿಯನ್ ಹುಡುಗಿಯ ಮೇಲೆ ಹರಿಹಾಯ್ದೆ. ತೊಟ್ಟಿ ತೊಳೆಸಿ, ಅತ್ತಿಗೆಯ ತುಂಡನ್ನು ಆಳದವರೆಗೆ ಮತ್ತೆ ಹೆರೆಸಿದೆ. ಬಣ್ಣ ಹಾಕಿ ಬರುವವರೆಗೆ ಅಣ್ಣ ಕೋಣೆಯಲ್ಲೇ ಶತಪಥ ಹಾಕಿದ. ಹೊಸ ಸ್ಲೈಡುಗಳಲ್ಲಿ ಒಂದರಲ್ಲೂ ಆ ಗುಂಪು ಇರಲಿಲ್ಲ.

"ಏನೂ ಇಲ್ಲ ಕಣೋ. ಬರೀ ಸಾದಾ ಗಂಟು."

ಅಣ್ಣ ಸ್ಟೂಲಿನ ಮೇಲೆ ಕುಸಿದು ಮಗುವಿನ ಹಾಗೆ ಅತ್ತ. ನನಗೂ ಖುಷಿಗೆ ಅಳು ಬಂತು. ಸುದ್ದಿ ಹೇಳಲು ಅವನು ಎದ್ದುಬಿದ್ದು ಓಡಿದ ಮೇಲೂ ಟೆಕ್ನಿಷಿಯನ್ ಬಾಗಿಲಲ್ಲೇ ನಿಂತಿದ್ದಳು.

"ಹಾಗಾದ್ರೆ ಆ ಚೂರು ಯಾರ್ದು, ಮೇಡಂ?"

ಅತ್ತಿಗೆಗಿಂತ ಮುಂಚೆ ಹೆರೆದದ್ದು ಒಬ್ಬ ಬಸ್ ಡ್ರೈವರನ ಕರುಳಿನ ಗಂಟು. ಗಾಜಿಗೆ ಬಂದಿದ್ದ ಒಂದೇ ಪದರವನ್ನು ಬೆಳಿಗ್ಗೆ ನಾನೇ ನೋಡಿ, ಅಪಾಯವಿಲ್ಲವೆಂದು ಸಹಿ ಹಾಕಿ ಕಳಿಸಿದ್ದೆ. ಅದನ್ನೂ ಇನ್ನಷ್ಟು ಆಳಕ್ಕೆ ಹೆರೆಸಿದೆ. ಅದೇ ಕಡುನೀಲಿ ಗುಂಪು, ಈ ಸಲ ಅಂಗಾಂಶದ ಒಳಗೇ ಬೇರು ಬಿಟ್ಟಿತ್ತು.

ಫೋನ್ ಎತ್ತಿದ್ದು ಡ್ರೈವರನ ಹೆಂಡತಿ. ಹಿಂದೆ ನಗು, ತಟ್ಟೆಗಳ ಸದ್ದು.

"ಡಾಕ್ಟ್ರಾ! ನಿಮ್ಮ ಬಾಯಿಗೆ ಸಕ್ಕರೆ ಹಾಕ್ಬೇಕು," ಎಂದಳು. "ನಿಮ್ಮ ರಿಪೋರ್ಟ್ ಬಂದ್ಮೇಲೇನೇ ನಮ್ಮನೇವ್ರು ಹೊಟ್ಟೆ ತುಂಬ ಊಟ ಮಾಡ್ತಿರೋದು."

"ಅವರ ಊಟ ಮುಗೀಲಿ," ಎಂದೆ. "ನಾನು ಲೈನಲ್ಲೇ ಇರ್ತೀನಿ."